60, 45, 30: ಅಡವಿಟ್ಟ ಮನೆಯ ದಿನಗಣನೆ

ಕನ್ನಡ ದಿನಪತ್ರಿಕೆಗಳ ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗಳ ಮಗ್ಗುಲಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಸ್ವಾಧೀನ ಸೂಚನೆ’ ಎಂಬ ಜಾಹೀರಾತು ಆಗಾಗ ಬರುತ್ತದೆ. ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಬಾಕಿ ಮೊತ್ತ, ಕೊನೆಗೆ ಚೆಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸೈಟು. ಇದನ್ನು ಗಮನವಿಟ್ಟು ಓದುವವರು ಎರಡೇ ಬಗೆ. ಹರಾಜಿನಲ್ಲಿ ಅಗ್ಗಕ್ಕೆ ಮನೆ ಹುಡುಕುವವರು ಮತ್ತು ಸಾಲ ಮಾಡಿದವರ ನೆಂಟರು. ಬ್ಯಾಂಕು ಮಾನ ಕಳೆಯಲೆಂದೇ ಹೀಗೆ ಹಾಕಿಸುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಅಸಲಿಗೆ ಅದು ಕಾನೂನು ಬ್ಯಾಂಕಿನ ಹೆಗಲಿಗೇರಿಸಿದ ಹೊರೆ. ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡ 7 ದಿನದೊಳಗೆ ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು. ಪ್ರಕಟಿಸದಿದ್ದರೆ ಆ ಲೋಪವೇ ಸಾಲಗಾರನ ಕೈಗೆ ಒಂದು ಹಿಡಿ.

ಮನೆ ಸಾಲದ ಕಂತು ತಪ್ಪಿದವರ ಪಾಲಿನ ಕಾನೂನು ಇರುವುದೇ ಹೀಗೆ. ಕರುಣೆಯ ಮಾತು ಅದರಲ್ಲಿ ಕಡಿಮೆ, ದಿನಗಳ ಲೆಕ್ಕ ಜಾಸ್ತಿ. ಇಷ್ಟು ದಿನ ಬ್ಯಾಂಕು ಕಾಯಬೇಕು, ಇಷ್ಟು ದಿನದೊಳಗೆ ನೀವು ಕೇಳಬೇಕು. ಮನೆ ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ಹಕ್ಕು ಇರಲಿಲ್ಲ ಎಂದಲ್ಲ. ಇದ್ದ ಹಕ್ಕಿನ ಗಡುವು ಗೊತ್ತಾಗುವ ಹೊತ್ತಿಗೆ ಮುಗಿದಿತ್ತು.

ಮೊದಲೇ ಒಂದು ಪದದ ಗೊಂದಲ ನಿವಾರಿಸಿಕೊಳ್ಳೋಣ. ಅಮೆರಿಕದಲ್ಲಿರುವ ಮಗ ‘ಫೋರ್‌ಕ್ಲೋಷರ್’ ಅಂದರೆ ಬ್ಯಾಂಕು ಮನೆ ಕಿತ್ತುಕೊಳ್ಳುವುದು. ಮೈಸೂರಿನಲ್ಲಿರುವ ಅಪ್ಪ ‘ಲೋನ್ ಫೋರ್‌ಕ್ಲೋಸ್ ಮಾಡಿದೆ’ ಅಂದರೆ ಅವಧಿಗೆ ಮೊದಲೇ ಪೂರ್ತಿ ತೀರಿಸಿ ಸಿಹಿ ಹಂಚಿದೆ ಎಂದರ್ಥ. ಒಂದೇ ಪದ, ಒಂದು ಕಡೆ ಸೂತಕ, ಇನ್ನೊಂದು ಕಡೆ ಹಬ್ಬ. ಅಮೆರಿಕದವರು ಫೋರ್‌ಕ್ಲೋಷರ್ ಎನ್ನುವುದಕ್ಕೆ ನಮ್ಮಲ್ಲಿ ಜನ ಇಟ್ಟಿರುವ ಹೆಸರು ‘ಸರ್ಫೇಸಿ’. 2002ರ ಈ ಕೇಂದ್ರ ಕಾಯ್ದೆ ಬರುವ ಮೊದಲು ಬ್ಯಾಂಕು ಅಡಮಾನದ ಮನೆ ಮಾರಬೇಕೆಂದರೆ ಸಿವಿಲ್ ಕೋರ್ಟಿಗೋ ಸಾಲ ವಸೂಲಾತಿ ನ್ಯಾಯಮಂಡಳಿಗೋ ಹೋಗಿ ವರ್ಷಗಟ್ಟಲೆ ಕಾಯಬೇಕಿತ್ತು. ಈಗ ಕೋರ್ಟಿನ ಮೆಟ್ಟಿಲು ಹತ್ತದೆಯೇ ನೋಟಿಸು ಕೊಟ್ಟು, ಸ್ವಾಧೀನ ಪಡೆದು, ಹರಾಜು ಹಾಕಬಹುದು. ಮೊದಲು ಕೋರ್ಟಿಗೆ ಹೋಗಬೇಕಾದವನು ಬ್ಯಾಂಕಿನವನಾಗಿದ್ದ, ಈಗ ಸಾಲಗಾರ. ತಿರುಗುಮುರುಗಾದದ್ದು ಅಲ್ಲಿ.

ಮೊದಲ 90 ದಿನ

ಏಪ್ರಿಲ್ 5ರ ಕಂತು ಕಟ್ಟಲಿಲ್ಲ ಎಂದಿಟ್ಟುಕೊಳ್ಳಿ. ಮೊದಲ 30 ದಿನ, 60 ದಿನ, 90 ದಿನ ಎಂದು ಬ್ಯಾಂಕು ಆ ಖಾತೆಯನ್ನು ಮೂರು ಮೆಟ್ಟಿಲಲ್ಲಿ ‘ವಿಶೇಷ ನಿಗಾ’ ಪಟ್ಟಿಯಲ್ಲಿಡುತ್ತದೆ. ಜುಲೈ 4ರ ಸಂಜೆ ಲೆಕ್ಕ ಮುಗಿಸುವ ಹೊತ್ತಿಗೂ ಆ ಬಾಕಿ ಹಾಗೇ ಉಳಿದಿದ್ದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಸರ್ಫೇಸಿಯ ಬಾಗಿಲು ತೆರೆಯುವುದು ಆವತ್ತಿನಿಂದ. ಅದಕ್ಕೂ ಮೊದಲು ಮನೆ ಮುಟ್ಟುವ ಅಧಿಕಾರ ಈ ಕಾಯ್ದೆಯಡಿ ಯಾರಿಗೂ ಇಲ್ಲ.

ಎಲ್ಲಕ್ಕಿಂತ ಬೆಲೆಬಾಳುವ ಕಾಲ ಈ 90 ದಿನ. ಆದರೆ ಹೆಚ್ಚಿನ ಮನೆಗಳಲ್ಲಿ ಇದು ಫೋನ್ ಎತ್ತದೆ ಕಳೆಯುವ ಕಾಲ. ಕೆಲಸ ಹೋಗಿದೆಯೇ, ಅಂಗಡಿ ಮುಚ್ಚಿದೆಯೇ, ಮನೆಯಲ್ಲಿ ಯಾರಿಗೋ ಆಪರೇಷನ್ ಆಯಿತೇ, ಅದನ್ನು ಶಾಖೆಗೆ ಬರವಣಿಗೆಯಲ್ಲಿ ಕೊಟ್ಟು, ಅವಧಿ ಹೆಚ್ಚಿಸಿ ಕಂತು ಇಳಿಸಿ ಎಂದು ಕೇಳಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕೊಡಲೇಬೇಕೆಂಬ ನಿಯಮವಿಲ್ಲ. ಆದರೆ ಎನ್‌ಪಿಎ ಆಗದ ಖಾತೆಗೆ ಮ್ಯಾನೇಜರು ಮಾಡಬಹುದಾದ ಸಹಾಯ, ಆದ ಮೇಲೆ ಅವರ ಕೈಯಲ್ಲೂ ಇರುವುದಿಲ್ಲ. ಬಡ್ಡಿ ದರ ಬದಲಾಗುವ ಸಾಲವಾದರೆ ಇನ್ನೊಂದು ಪ್ರಶ್ನೆಯೂ ಇದೆ. ದರ ಏರಿದಾಗ ಕಂತು ಏರಿಸಬೇಕೇ, ಅವಧಿ ಎಳೆಯಬೇಕೇ ಅಥವಾ ಎರಡೂ ಸ್ವಲ್ಪ ಸ್ವಲ್ಪವೇ ಎಂಬ ಆಯ್ಕೆಯನ್ನು ಗ್ರಾಹಕನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ನಿಮಗೆ ಕೊಟ್ಟರೇ? ಕೇಳಿ.

ಈ ಹಂತದಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಮೂರು ಕಂತು ಬಾಕಿಯಾಗಿ ಎನ್‌ಪಿಎ ಆದ ಮೇಲೆ, ಸಾಲ ಸೋಲ ಮಾಡಿ ಒಂದು ಕಂತು ಕಟ್ಟುತ್ತಾರೆ, ‘ಸದ್ಯಕ್ಕೆ ತಪ್ಪಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ತಪ್ಪಿರುವುದಿಲ್ಲ. 2021ರ ನವೆಂಬರ್‌ನ ರಿಸರ್ವ್ ಬ್ಯಾಂಕ್ ಸ್ಪಷ್ಟೀಕರಣದ ಪ್ರಕಾರ, ಒಮ್ಮೆ ಎನ್‌ಪಿಎ ಆದ ಖಾತೆ ಮತ್ತೆ ಸರಿಯಾದ ಖಾತೆ ಎನಿಸಿಕೊಳ್ಳಬೇಕಾದರೆ ಅಸಲು, ಬಡ್ಡಿ ಎರಡರ ಹಿಂಬಾಕಿಯೂ ಪೂರ್ತಿ ತೀರಬೇಕು. ಹಾಗಾಗಿ 90ನೇ ದಿನದ ಮೊದಲು ಕಟ್ಟಿದ ಒಂದು ಕಂತಿಗೂ ನಂತರ ಕಟ್ಟಿದ ಒಂದು ಕಂತಿಗೂ ಅಜಗಜಾಂತರ.

ವಸೂಲಿ ಹುಡುಗರ ಕಾಟ ಶುರುವಾಗುವುದೂ ಈಗಲೇ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆಂದು ಕರೆ ಮಾಡುವಂತಿಲ್ಲ. ನೆಂಟರಿಷ್ಟರ ಮುಂದೆ ಅವಮಾನ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಇವು 2022ರ ಆಗಸ್ಟ್‌ನ ರಿಸರ್ವ್ ಬ್ಯಾಂಕ್ ಆದೇಶದಲ್ಲಿರುವ ಮಾತುಗಳೇ. ‘ನಾಳೆ ಬಂದು ಬೀಗ ಜಡೀತೀವಿ’ ಎಂದು ಅವರು ಹೇಳುವುದು ಬರೀ ಬಾಯಿಮಾತು. ಸರ್ಫೇಸಿ ನಿಯಮಗಳಡಿ ಸ್ವಾಧೀನ ಪಡೆಯುವ ‘ಅಧಿಕೃತ ಅಧಿಕಾರಿ’ ಸರ್ಕಾರಿ ಬ್ಯಾಂಕಿನ ಚೀಫ್ ಮ್ಯಾನೇಜರ್ ದರ್ಜೆಗಿಂತ ಕೆಳಗಿನವರಾಗಿರುವಂತಿಲ್ಲ. ಬೈಕಿನಲ್ಲಿ ಬಂದವನಿಗೆ ಆ ಅಧಿಕಾರ ಎಲ್ಲಿಂದ ಬರಬೇಕು? ದೂರಿಗೆ ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರಬಹುದು. ಮಾಹಿತಿಗೆ ಸಹಾಯವಾಣಿ 14448.

ಜೈಲಿನ ಭಯ ಹಾಕುವವರೂ ಇದ್ದಾರೆ. ಮನೆ ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ. ಆದರೆ ಕೊಟ್ಟ ಚೆಕ್ಕು ಹಣವಿಲ್ಲದೆ ವಾಪಸಾದರೆ, ಖಾತೆಯಿಂದ ತಾನಾಗಿ ಕಡಿತವಾಗುವ ಇಸಿಎಸ್ ಬೌನ್ಸ್ ಆದರೆ ಅದು ಬೇರೆಯೇ ಕ್ರಿಮಿನಲ್ ಪ್ರಕರಣವಾಗಬಹುದು. ಅಂಥ ನೋಟಿಸು ಬಂದರೆ ಹಣ ಕಟ್ಟಲು ಇರುವುದು 15 ದಿನ. ಅದನ್ನು ಮನೆಯ ನೋಟಿಸಿನೊಂದಿಗೆ ಕಲಸಿಕೊಂಡು ಮೂಲೆಗಿಡಬೇಡಿ.

ನೋಟಿಸಿನ ಲಕೋಟೆ ಬಂದಾಗ

ಎನ್‌ಪಿಎ ಆದ ಮೇಲೆ ಬರುವುದು ಸೆಕ್ಷನ್ 13(2)ರ ಬೇಡಿಕೆ ನೋಟಿಸು. ಎಷ್ಟು ಬಾಕಿ, ಯಾವ ಆಸ್ತಿಯ ಮೇಲೆ ಕ್ರಮ ಎಂಬ ವಿವರ ಅದರಲ್ಲಿರಲೇಬೇಕು. ಕಟ್ಟಲು 60 ದಿನ ಗಡುವು.

ಅಂಚೆಯವರನ್ನು ಕಂಡ ಕೂಡಲೇ ‘ಅವರು ಊರಲ್ಲಿಲ್ಲ’ ಎಂದು ಮಕ್ಕಳ ಕೈಲಿ ಹೇಳಿಸಿ ಲಕೋಟೆ ವಾಪಸು ಕಳಿಸುವ ಹಳೆಯ ಜಾಣತನ ಇಲ್ಲಿ ತಿರುಗುಬಾಣ. ತಪ್ಪಿಸಿಕೊಳ್ಳುತ್ತಿದ್ದಾರೆ ಎಂದಾದರೆ ಬಾಗಿಲಿಗೆ ಅಂಟಿಸಿ, ಪತ್ರಿಕೆಯಲ್ಲಿ ಪ್ರಕಟಿಸಿ ನೋಟಿಸು ತಲುಪಿಸಿದಂತೆ ಮಾಡಲು ನಿಯಮದಲ್ಲೇ ಅವಕಾಶವಿದೆ. ದಿನಗಳು ಓಡುತ್ತಲೇ ಇರುತ್ತವೆ, ಕಾಗದ ಮಾತ್ರ ನಿಮ್ಮ ಕೈಯಲ್ಲಿರುವುದಿಲ್ಲ. ಬೆಂಗಳೂರಿನ ಫ್ಲ್ಯಾಟು ಬಾಡಿಗೆಗೆ ಕೊಟ್ಟು ದುಬೈಯಲ್ಲೋ ಡಲ್ಲಾಸಿನಲ್ಲೋ ಇರುವವರಿಗೆ ಇದು ಇನ್ನೂ ಅಪಾಯ. ಬ್ಯಾಂಕಿನ ಕಡತದಲ್ಲಿರುವ ವಿಳಾಸಕ್ಕೆ ನೋಟಿಸು ಹೋಗುತ್ತದೆ, ಬಾಡಿಗೆದಾರ ಅದನ್ನು ಶೂ ಸ್ಟ್ಯಾಂಡಿನ ಮೇಲಿಡುತ್ತಾನೆ. ವಿಳಾಸ, ಇಮೇಲು ಎರಡನ್ನೂ ಬರವಣಿಗೆಯಲ್ಲಿ ಬದಲಿಸಿಕೊಳ್ಳುವುದು ಐದು ನಿಮಿಷದ ಕೆಲಸ.

ನೋಟಿಸು ಕೈಗೆ ಬಂದ ದಿನವೇ ಲಕೋಟೆಯ ಮೇಲೆ ತಾರೀಖು ಬರೆದು, ಲಕೋಟೆಯನ್ನೂ ಎತ್ತಿಡಿ. ಆಮೇಲೆ ಮಾಡಬೇಕಾದ ಮುಖ್ಯ ಕೆಲಸ ಆಕ್ಷೇಪಣೆ ಬರೆಯುವುದು. ಸೆಕ್ಷನ್ 13(3ಎ) ಸಾಲಗಾರನಿಗೆ ಈ ಹಕ್ಕು ಕೊಟ್ಟಿದೆ. ಬ್ಯಾಂಕು ಅದನ್ನು ಪರಿಶೀಲಿಸಬೇಕು. ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಎಂದು ಕಾರಣ ಕೊಟ್ಟು 15 ದಿನದೊಳಗೆ ಉತ್ತರಿಸಬೇಕು. ಈ ಹಕ್ಕು ಬಂದದ್ದರ ಹಿಂದೆ ಒಂದು ಕಥೆಯಿದೆ. ಮೂಲ ಕಾಯ್ದೆಯಲ್ಲಿ ಇದು ಇರಲಿಲ್ಲ. ಅಷ್ಟೇ ಅಲ್ಲ, ನ್ಯಾಯಮಂಡಳಿಗೆ ಹೋಗಬೇಕಾದರೆ ಬ್ಯಾಂಕು ಕೇಳಿದ ಮೊತ್ತದ ಶೇ 75ನ್ನು ಮೊದಲು ಠೇವಣಿ ಇಡಬೇಕಿತ್ತು. ಅಷ್ಟು ದುಡ್ಡಿದ್ದರೆ ಯಾರು ತಾನೆ ಕಂತು ತಪ್ಪಿಸುತ್ತಾರೆ? 2004ರ ಮಾರ್ಡಿಯಾ ಕೆಮಿಕಲ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಶೇ 75ರ ಷರತ್ತನ್ನು ಕಿತ್ತುಹಾಕಿತು, ಸಾಲಗಾರನ ಆಕ್ಷೇಪಣೆಗೆ ಕಾರಣ ಸಹಿತ ಉತ್ತರ ಕೊಡಬೇಕೆಂದಿತು. ಕಾಯ್ದೆಗೆ ತಿದ್ದುಪಡಿಯಾದದ್ದು ಅದರ ನಂತರ.

ಆಕ್ಷೇಪಣೆಯಲ್ಲಿ ಕಣ್ಣೀರಿಗಿಂತ ಲೆಕ್ಕ ಇರಲಿ. ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತರಿಸಿ ಸಾಲು ಸಾಲಾಗಿ ನೋಡಿ. ಕಟ್ಟಿದ ಕಂತು ಜಮೆಯಾಗಿದೆಯೇ? ಎನ್‌ಪಿಎ ತಾರೀಖು ಸರಿಯಿದೆಯೇ? ದಂಡದ ಲೆಕ್ಕ ಹೇಗಿದೆ? 2024ರ ಏಪ್ರಿಲ್ 1ರಿಂದ ಹೊಸ ಸಾಲಗಳಿಗೆ, ಹಳೆಯವಕ್ಕೆ ಅದೇ ವರ್ಷದ ಜೂನ್ 30ರೊಳಗೆ, ದಂಡವನ್ನು ಬಡ್ಡಿ ದರಕ್ಕೆ ಸೇರಿಸುವ ಪದ್ಧತಿ ನಿಂತಿದೆ. ದಂಡ ಪ್ರತ್ಯೇಕ ಶುಲ್ಕವಾಗಿರಬೇಕು, ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಸಾಲ ಕೊಡುವಾಗ ಬ್ಯಾಂಕು ಅಂಟಿಸಿದ ವಿಮೆ ಇತ್ತೇ? ಸಾಲಗಾರ ತೀರಿಕೊಂಡ ಮನೆಗಳಲ್ಲಿ ಹೆಂಡತಿ ಮಕ್ಕಳಿಗೆ ಆ ಪಾಲಿಸಿಯ ಸುಳಿವೇ ಇರದೆ, ವಿಮೆಯಿಂದ ತೀರಬೇಕಿದ್ದ ಸಾಲಕ್ಕೆ ನೋಟಿಸು ಬಂದಿರುವುದುಂಟು. ಕೊನೆಯಲ್ಲಿ, ಯಾವ ತಿಂಗಳು ಎಷ್ಟು ಕಟ್ಟಬಲ್ಲಿರಿ ಎಂಬುದನ್ನು ತಾರೀಖಿನ ಸಮೇತ ಬರೆಯಿರಿ. ‘ಆದಷ್ಟು ಬೇಗ’ ಎಂಬುದು ಬ್ಯಾಂಕಿನ ಭಾಷೆಯಲ್ಲಿ ಏನೂ ಅಲ್ಲ.

ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆ ಮಾರುವಂತಿಲ್ಲ, ಭೋಗ್ಯಕ್ಕೆ ಹಾಕುವಂತಿಲ್ಲ. ಒಪ್ಪಿಗೆ ಪಡೆದು ಮಾರುವುದಕ್ಕೆ ಅಡ್ಡಿಯಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಸಾಲ ತೀರಿಸುವ ದಾರಿ ನಿಜಕ್ಕೂ ಮುಚ್ಚಿದವರಿಗೆ ಇದಕ್ಕಿಂತ ಮರ್ಯಾದೆಯ ದಾರಿ ಇನ್ನೊಂದಿಲ್ಲ. ನೀವೇ ಗಿರಾಕಿ ಹುಡುಕಿ, ಬ್ಯಾಂಕಿನ ಎದುರೇ ಕೂತು ವ್ಯವಹಾರ ಮುಗಿಸಿದರೆ ಪೇಟೆ ಬೆಲೆ ಸಿಗುತ್ತದೆ. ಹರಾಜಿನಲ್ಲಿ ಆ ಬೆಲೆ ಸಿಗುವುದು ಅಪರೂಪ. ಹಠ ಹಿಡಿದು ಹರಾಜಿನವರೆಗೆ ಎಳೆದವರು ಮನೆಯ ಜೊತೆಗೆ ಬೆಲೆಯನ್ನೂ ಕಳೆದುಕೊಳ್ಳುತ್ತಾರೆ.

ಸರ್ಫೇಸಿ ಯಾರಿಗೆ ಅನ್ವಯ, ಯಾವುದಕ್ಕೆ ಇಲ್ಲ

ನೋಟಿಸಿನಲ್ಲಿ ‘ಸರ್ಫೇಸಿ’ ಎಂದು ಬರೆದ ಮಾತ್ರಕ್ಕೆ ಕಳಿಸಿದವರಿಗೆ ಆ ಅಧಿಕಾರ ಇದೆ ಎಂದಲ್ಲ. ವಾಣಿಜ್ಯ ಬ್ಯಾಂಕುಗಳಿಗೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ₹100 ಕೋಟಿಗೂ ಮೇಲ್ಪಟ್ಟ ಆಸ್ತಿಯಿರುವ ಗೃಹ ಸಾಲ ಕಂಪನಿಗಳಿಗೆ ಇದೆ. ಉಳಿದ ಫೈನಾನ್ಸ್ ಕಂಪನಿಗಳಾದರೆ ಅಷ್ಟೇ ಆಸ್ತಿಯ ಜೊತೆಗೆ ಸಾಲವೂ ₹20 ಲಕ್ಷ ಮುಟ್ಟಿರಬೇಕು. ನಮ್ಮ ಊರುಗಳಲ್ಲಿ ಬೀದಿಗೊಂದರಂತೆ ಇರುವ, ಬ್ಯಾಂಕಿಂಗ್ ಪರವಾನಗಿ ಇಲ್ಲದ ಪತ್ತಿನ ಸಹಕಾರಿ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಈ ಅಧಿಕಾರವಿಲ್ಲ. ಅವು ಸಹಕಾರ ಕಾಯ್ದೆಯಡಿ ದಾವೆ ಹೂಡಿ ತೀರ್ಪು ಪಡೆಯಬೇಕು. ಅಲ್ಲಿ ನಿಮಗೆ ಹಾಜರಾಗಿ ವಾದಿಸುವ ಅವಕಾಶವಿದೆ. ಕೈಸಾಲ ಕೊಟ್ಟವರು ಕೂಡ ಕೋರ್ಟಿಗೇ ಹೋಗಬೇಕು. 2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿ ಕಿರುಕುಳದ ವಿರುದ್ಧ ತಂದ ಕಾನೂನು ಬ್ಯಾಂಕಿನ ಮನೆ ಸಾಲದ ಸರ್ಫೇಸಿ ಕ್ರಮವನ್ನು ತಡೆಯುತ್ತದೆ ಎಂದು ಕೆಲವರು ನಂಬಿ ಕೂತಿದ್ದಾರೆ. ತಡೆಯುವುದಿಲ್ಲ.

ಕಾಯ್ದೆಯ ಸೆಕ್ಷನ್ 31ರಲ್ಲಿ ವಿನಾಯಿತಿಗಳ ಪಟ್ಟಿಯಿದೆ. ₹1 ಲಕ್ಷ ಮೀರದ ಸಾಲಕ್ಕೆ ಸರ್ಫೇಸಿ ಇಲ್ಲ. ಅಸಲು ಬಡ್ಡಿ ಸೇರಿದ ಮೊತ್ತದಲ್ಲಿ ಶೇ 20ಕ್ಕಿಂತ ಕಡಿಮೆ ಬಾಕಿ ಉಳಿದಿದ್ದರೂ ಇಲ್ಲ. ಅಂದರೆ ಹದಿನೈದು, ಹದಿನಾರು ವರ್ಷ ನಿಯತ್ತಾಗಿ ಕಟ್ಟಿ ಕೊನೆಯಲ್ಲಿ ಮುಗ್ಗರಿಸಿದವರು ಈ ಅಂಶವನ್ನು ಮೊದಲು ಲೆಕ್ಕ ಹಾಕಬೇಕು. ವಸೂಲಿಗೆ ಬ್ಯಾಂಕಿಗೆ ಬೇರೆ ದಾರಿಗಳಿವೆ, ಆದರೆ ಕೋರ್ಟಿನಾಚೆಯ ಈ ಒಳದಾರಿ ಮುಚ್ಚಿರುತ್ತದೆ.

ಮೂರನೆಯದು ಕೃಷಿ ಜಮೀನು. ಕರ್ನಾಟಕದಲ್ಲಿ ಹೆಚ್ಚು ವಾದ ನಡೆಯುವುದು ಇದರ ಮೇಲೆ. ಊರಂಚಿನ ಮನೆ, ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ, ಭೂಪರಿವರ್ತನೆ ಆಗಿಲ್ಲ, ಹಾಗಾಗಿ ಬ್ಯಾಂಕು ಮುಟ್ಟುವಂತಿಲ್ಲ ಎಂದು ಕಟ್ಟೆಯ ಮೇಲೆ ಕೂತವರೆಲ್ಲ ಹೇಳುತ್ತಾರೆ. ಅಷ್ಟು ಸುಲಭವಲ್ಲ. ಕಾಗದದಲ್ಲಿ ಕೃಷಿ ಎಂದಿದ್ದರೆ ಸಾಲದು, ಅಡವಿಟ್ಟಾಗ ನಿಜಕ್ಕೂ ಅಲ್ಲಿ ಬೇಸಾಯ ನಡೆಯುತ್ತಿತ್ತು ಎಂದು ತೋರಿಸುವ ಭಾರ ಸಾಲಗಾರನ ಮೇಲೆಯೇ ಇದೆ ಎಂದು 2023ರಲ್ಲಿ ಕೆ. ಶ್ರೀಧರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಡಿಕೆಯೋ ರಾಗಿಯೋ ನಿಜಕ್ಕೂ ಬೆಳೆಯುತ್ತಿದ್ದರೆ ಬೆಳೆ ಕಾಲಮ್ಮು ತುಂಬಿದ ಪಹಣಿ, ಫೋಟೊ, ಕೃಷಿ ಇಲಾಖೆಯ ಕಾಗದ ಎಲ್ಲವನ್ನೂ ಆಕ್ಷೇಪಣೆಯ ಜೊತೆಗೇ ಕೊಟ್ಟುಬಿಡಿ.

ಸ್ವಾಧೀನ: ಕಾಗದದ ಮೇಲಿನದು, ಬೀಗದ್ದು

60 ದಿನ ಕಳೆದ ಮೇಲೆ ಸೆಕ್ಷನ್ 13(4)ರಡಿ ಸ್ವಾಧೀನ ನೋಟಿಸು ಬಾಗಿಲಿಗೆ ಅಂಟುತ್ತದೆ. ಜನ ಮನೆಯೊಳಗೇ ಇರುತ್ತಾರೆ, ಒಲೆ ಉರಿಯುತ್ತಿರುತ್ತದೆ. ಇದನ್ನು ಸಾಂಕೇತಿಕ ಸ್ವಾಧೀನ ಎನ್ನುತ್ತಾರೆ. ‘ಬರೀ ಸಾಂಕೇತಿಕ ತಾನೆ, ನಿಜವಾಗಿ ಖಾಲಿ ಮಾಡಿಸಲು ಬಂದಾಗ ನೋಡೋಣ’ ಎಂದುಕೊಂಡವರ ಮನೆ ಹೋಗುವುದು ಇಲ್ಲಿಯೇ. ಕಾರಣ, ನ್ಯಾಯಮಂಡಳಿಗೆ ಹೋಗಲು ಇರುವ 45 ದಿನದ ಗಡುವು ಎಣಿಕೆಯಾಗುವುದು ಈ ಕಾಗದದಿಂದ. ಸಾಂಕೇತಿಕ ಸ್ವಾಧೀನದ ಹಂತದಲ್ಲೇ ಸಾಲಗಾರ ನ್ಯಾಯಮಂಡಳಿಗೆ ಹೋಗಬಹುದು ಎಂದು 2018ರ ಹಿಂಡನ್ ಫೋರ್ಜ್ ತೀರ್ಪು ಸ್ಪಷ್ಟಪಡಿಸಿದೆ. ಹೋಗಬಹುದು ಎಂದರೆ ಹೋಗಬೇಕು ಎಂದೇ ಓದಿಕೊಳ್ಳಿ.

ನಿಜವಾದ ಸ್ವಾಧೀನಕ್ಕೆ ಬ್ಯಾಂಕು ಸಾಮಾನ್ಯವಾಗಿ ಸೆಕ್ಷನ್ 14ರಡಿ ಜಿಲ್ಲಾಧಿಕಾರಿಯವರ ಬಳಿ ಅಥವಾ ಮುಖ್ಯ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಹಾಕುತ್ತದೆ. ಸಾಲ, ಬಾಕಿ, ನೋಟಿಸು, ಆಕ್ಷೇಪಣೆಗೆ ಕೊಟ್ಟ ಉತ್ತರ, ಹೀಗೆ 9 ಅಂಶಗಳ ಪ್ರಮಾಣಪತ್ರ ಅದರ ಜೊತೆಗಿರಬೇಕು. 13(3ಎ) ಆಕ್ಷೇಪಣೆ ಬರೆದು ಕೊಟ್ಟಿದ್ದರೆ ಅದು ಇಲ್ಲೂ ಕೆಲಸಕ್ಕೆ ಬರುತ್ತದೆ. ಆದರೆ ‘ಡಿಸಿ ಸಾಹೇಬರ ಮುಂದೆ ಹೋಗಿ ಕಷ್ಟ ಹೇಳಿಕೊಳ್ತೀನಿ’ ಎಂಬ ನಂಬಿಕೆ ಬೇಡ. ಈ ಹಂತದಲ್ಲಿ ಅವರು ವಿವಾದ ತೀರ್ಮಾನಿಸುವವರಲ್ಲ, ಕಾಗದ ಸರಿಯಿದೆಯೇ ಎಂದು ನೋಡಿ ಪೊಲೀಸರ ನೆರವಿನೊಂದಿಗೆ ಮನೆ ಬಿಡಿಸಿಕೊಡುವವರು ಅಷ್ಟೆ. ಅಡವಿಟ್ಟದ್ದು ಮನೆಯನ್ನು, ಒಳಗಿನ ಪಾತ್ರೆ ಪಗಡ, ಮಕ್ಕಳ ಪುಸ್ತಕ, ದೇವರ ಪಟಗಳನ್ನಲ್ಲ. ಬೀಗ ಹಾಕುವಾಗ ಮಾಡುವ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ.

ಡಿಆರ್‌ಟಿ ಎಂಬ ಬಾಗಿಲು

ಗಾಬರಿಯಲ್ಲಿ ಎಷ್ಟೋ ಜನ ಊರಿನ ಸಿವಿಲ್ ಕೋರ್ಟಿನಲ್ಲಿ ಇಂಜಂಕ್ಷನ್ ದಾವೆ ಹಾಕಿಸುತ್ತಾರೆ. ಸೆಕ್ಷನ್ 34 ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದೆ. ದಾವೆ ವಜಾ ಆಗುವ ಹೊತ್ತಿಗೆ 45 ದಿನ ಉರುಳಿರುತ್ತದೆ, ವಕೀಲರ ಫೀಸೂ ಹೋಗಿರುತ್ತದೆ. ಹೈಕೋರ್ಟಿನಲ್ಲಿ ರಿಟ್ ಹಾಕೋಣ ಎನ್ನುವವರಿಗೆ, ನ್ಯಾಯಮಂಡಳಿ ಇರುವಾಗ ಹೈಕೋರ್ಟುಗಳು ಸುಲಭಕ್ಕೆ ಮಧ್ಯೆ ಬರಬಾರದು ಎಂದು ಸುಪ್ರೀಂ ಕೋರ್ಟ್ 2010ರಿಂದ ಮತ್ತೆ ಮತ್ತೆ ಹೇಳುತ್ತಿದೆ.

ಹಾಗಾಗಿ ಉಳಿದದ್ದು ಸಾಲ ವಸೂಲಾತಿ ನ್ಯಾಯಮಂಡಳಿ, ಎಲ್ಲರೂ ಕರೆಯುವಂತೆ ಡಿಆರ್‌ಟಿ. ಹೆಸರಿನಲ್ಲೇ ‘ವಸೂಲಾತಿ’ ಇರುವ ಕಡೆ ಸಾಲಗಾರನಿಗೆ ನ್ಯಾಯ ಕೇಳಲು ಕಳಿಸುವುದು ವಿಚಿತ್ರವಾಗಿ ಕಂಡರೂ ಕಾನೂನು ಇಟ್ಟ ಬಾಗಿಲು ಇದೇ. ಇಡೀ ಕರ್ನಾಟಕಕ್ಕೆ ಇರುವ ಎರಡೂ ಬೆಂಗಳೂರಿನಲ್ಲಿವೆ. ಬೀದರ್‌ನವರೂ ಕಾರವಾರದವರೂ ಇಲ್ಲಿಗೇ ಬರಬೇಕು. ಶುಲ್ಕ ಭಯಪಡುವಷ್ಟಿಲ್ಲ. ಬಾಕಿ ₹10 ಲಕ್ಷದೊಳಗಿದ್ದರೆ ಪ್ರತಿ ಲಕ್ಷಕ್ಕೆ ₹500. ಅದಕ್ಕೆ ಮೇಲ್ಪಟ್ಟರೆ ₹5,000ದ ಜೊತೆಗೆ ಹೆಚ್ಚಿನ ಪ್ರತಿ ಲಕ್ಷಕ್ಕೆ ₹250. ಅಂದರೆ ₹25 ಲಕ್ಷ ಬಾಕಿಯವರಿಗೆ ₹8,750. ವಕೀಲರ ಫೀಸು ಬೇರೆ ಮಾತು. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಕಡಿಮೆಯಿರುವವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಮನೆ ಹೆಂಡತಿಯ ಹೆಸರಿನಲ್ಲೂ ಇರುವ ಎಷ್ಟೋ ಕುಟುಂಬಗಳಿಗೆ ಈ ಮಾತು ಗೊತ್ತಿಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸಮಿತಿ ಇರುತ್ತದೆ, ಸಹಾಯವಾಣಿ 15100.

ಅರ್ಜಿ ಹಾಕಿದ ಮಾತ್ರಕ್ಕೆ ಹರಾಜು ನಿಲ್ಲುವುದಿಲ್ಲ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ. ಮಧ್ಯಂತರ ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಬೇಕು. ಕಾನೂನು ಠೇವಣಿ ಕೇಳದಿದ್ದರೂ, ತಡೆ ಕೊಡುವಾಗ ನ್ಯಾಯಮಂಡಳಿ ಬಾಕಿಯ ಒಂದು ಪಾಲು ಕಟ್ಟಿ ಎನ್ನುವುದು ವಾಡಿಕೆ. ಕೈಯಲ್ಲಿ ಒಂದಿಷ್ಟು ಹಣ ಹೊಂದಿಸಿಕೊಂಡು ಹೋದವರ ಮಾತಿಗೆ ಅಲ್ಲಿ ತೂಕ. ಬ್ಯಾಂಕು ನಿಯಮ ಮೀರಿದೆ ಎಂದು ಸಾಬೀತಾದರೆ ಕ್ರಮ ರದ್ದಾಗಿ ಮನೆ ವಾಪಸಾಗುತ್ತದೆ, ಪರಿಹಾರ ಮತ್ತು ಖರ್ಚು ಕೊಡಿಸುವ ಅವಕಾಶವೂ ಇದೆ. 60 ದಿನದಲ್ಲಿ, ಹೆಚ್ಚೆಂದರೆ 4 ತಿಂಗಳಲ್ಲಿ ತೀರ್ಮಾನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅದು ಕಾಯ್ದೆಯ ಆಸೆ. ಸೋತರೆ ಮೇಲ್ಮನವಿ ಚೆನ್ನೈನಲ್ಲಿ, ಅದಕ್ಕೆ ಬಾಕಿಯ ಶೇ 50 ಠೇವಣಿ. ಕಾರಣ ಬರೆದು ಅದನ್ನು ಶೇ 25ರವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗಿಲ್ಲ. ಸಾಮಾನ್ಯ ಕುಟುಂಬಕ್ಕೆ ಮೊದಲ ಸುತ್ತೇ ಕೊನೆಯ ಸುತ್ತು ಎಂದು ತಿಳಿದು ತಯಾರಾಗುವುದು ಒಳ್ಳೆಯದು.

ಸಾಲಗಾರನಲ್ಲದವರೂ ಈ ಬಾಗಿಲು ತಟ್ಟಬಹುದು. ಅಡಮಾನಕ್ಕೂ ಮೊದಲೇ ನೋಂದಾಯಿತ ಕರಾರಿನಿಂದ ಬಾಡಿಗೆಗಿರುವವರು, ಪಿತ್ರಾರ್ಜಿತ ಮನೆಯಲ್ಲಿ ಪಾಲಿದ್ದೂ ಸಹಿ ಹಾಕದ ಅಕ್ಕತಂಗಿಯರು ಇಂಥವರು. ಮನೆ ನಿಜಕ್ಕೂ ಯಾರದು ಎಂಬ ಹಕ್ಕಿನ ತಕರಾರನ್ನು ಸಿವಿಲ್ ಕೋರ್ಟೇ ನೋಡಬೇಕು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಣ್ಣ ಸಾಲ ಮಾಡಿ ಮುಗ್ಗರಿಸಿದ ಮೇಲೆ ತಂಗಿಯ ಕೈಲಿ ದಾವೆ ಹಾಕಿಸುವ ನಾಟಕ ನ್ಯಾಯಾಧೀಶರಿಗೆ ಹೊಸದೇನಲ್ಲ.

ಹರಾಜಿನ ಜಾಹೀರಾತು ಬರುವ ಮುನ್ನಾ ದಿನ

ಅತಿ ಹೆಚ್ಚು ಜನ ತಪ್ಪು ತಿಳಿದಿರುವ ಜಾಗ ಇದು. ‘ಹರಾಜು ಮುಗಿಯುವವರೆಗೆ ದುಡ್ಡು ಕಟ್ಟಿ ಮನೆ ಬಿಡಿಸಿಕೊಳ್ಳಬಹುದು’ ಎಂಬುದು ಹಳೆಯ ಕಾಲದ ಅಡಮಾನದ ತಿಳಿವಳಿಕೆ. 2016ರ ತಿದ್ದುಪಡಿಯ ನಂತರ ಸೆಕ್ಷನ್ 13(8) ಬದಲಾಗಿದೆ. ಖರ್ಚು ಸಮೇತ ಪೂರ್ತಿ ಬಾಕಿಯನ್ನು ಹರಾಜಿನ ಪ್ರಕಟಣೆ ಹೊರಬೀಳುವುದರೊಳಗೆ ಕಟ್ಟಬೇಕು. ಆಮೇಲೆ ಹಕ್ಕಾಗಿ ಕೇಳುವಂತಿಲ್ಲ.

ಇದು ಎಷ್ಟು ಬಿಗಿ ಎಂಬುದನ್ನು 2023ರ ಸೆಪ್ಟೆಂಬರ್‌ನ ಬಾಫ್ನಾ ಮೋಟರ್ಸ್ ಪ್ರಕರಣ ತೋರಿಸಿತು. ಮುಂಬೈಯ ಆ ಕಂಪನಿಯ ಆಸ್ತಿ ಹರಾಜಿನಲ್ಲಿ ₹105 ಕೋಟಿಗೆ ಹೋಯಿತು. ಕೂಗಿದವರು ಹಣ ಕಟ್ಟಿದರು. ಅಷ್ಟರಲ್ಲಿ ಸಾಲಗಾರರು ₹129 ಕೋಟಿ ತರುತ್ತೇವೆ ಎಂದರು, ಬ್ಯಾಂಕು ಒಪ್ಪಿತು, ಬಾಂಬೆ ಹೈಕೋರ್ಟೂ ಒಪ್ಪಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪ್ರಕಟಣೆ ಬಂದ ದಿನವೇ ಬಿಡಿಸಿಕೊಳ್ಳುವ ಹಕ್ಕು ಮುಗಿದಿದೆ ಎಂದು ಆಸ್ತಿಯನ್ನು ಹರಾಜಿನಲ್ಲಿ ಕೊಂಡವರಿಗೇ ಉಳಿಸಿತು. ಕೋಟಿಗಳ ಕಂಪನಿಗೇ ಹೀಗಾದರೆ, ಊರಿನ ಜಮೀನು ಮಾರಿದ ದುಡ್ಡು ಮುಂದಿನ ವಾರ ಬರುತ್ತದೆ ಎಂದು ಕಾಯುವ ಮೇಷ್ಟರ ಪಾಡೇನು? ಒಮ್ಮೆಗೇ ತೀರಿಸುವ ಒಪ್ಪಂದ, ಅಂದರೆ ಓಟಿಎಸ್, ಅದೂ ಈ ಗೆರೆಯ ಈಚೆಗೇ ಮುಗಿಯಬೇಕು. ಬ್ಯಾಂಕಿನವರು ಬಾಯಲ್ಲಿ ‘ಆಗಲಿ ಬಿಡಿ’ ಎಂದದ್ದನ್ನು ನಂಬಬೇಡಿ, ಮಂಜೂರಾತಿ ಪತ್ರ ಕೈಗೆ ಬರಲಿ. ಓಟಿಎಸ್ ಆದರೆ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂಬ ಗುರುತು ಉಳಿಯುತ್ತದೆ. ಮುಂದೆ ಸಾಲ ಹುಟ್ಟುವುದು ಕಷ್ಟ, ಮನೆ ಉಳಿದಿರುತ್ತದೆ.

ಹರಾಜಿಗೂ ನಿಯಮಗಳ ಬೇಲಿಯಿದೆ. ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಮೀಸಲು ಬೆಲೆ ನಿಗದಿ ಮಾಡಬೇಕು. ಸಾಲಗಾರನಿಗೆ 30 ದಿನದ ನೋಟಿಸು ಕೊಡಬೇಕು. ಇದು ಬರೀ ಶಾಸ್ತ್ರವಲ್ಲ, ಆಸ್ತಿಯ ಹಕ್ಕಿಗೆ ಸಂಬಂಧಿಸಿದ್ದು ಎಂದು 2014ರ ಮ್ಯಾಥ್ಯೂ ವರ್ಗೀಸ್ ತೀರ್ಪು ಹೇಳಿತು. ಮೊದಲ ಹರಾಜು ಬಿದ್ದುಹೋಗಿ ಮತ್ತೆ ಮಾಡಿದರೆ 15 ದಿನ ಸಾಕು. ಮೀಸಲು ಬೆಲೆ ಕೈಗೆ ಬಂದ ಕೂಡಲೇ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರದೊಂದಿಗೆ, ಅಕ್ಕಪಕ್ಕದಲ್ಲಿ ಇತ್ತೀಚೆಗೆ ಆದ ಕ್ರಯಪತ್ರಗಳೊಂದಿಗೆ ಹೋಲಿಸಿ. ಭಾರೀ ಅಂತರ ಕಂಡರೆ ಅದನ್ನೇ ಹಿಡಿದು ಡಿಆರ್‌ಟಿಗೆ ಹೋಗಬಹುದು. ಗೆದ್ದವರು ಶೇ 25ನ್ನು ಆವತ್ತೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಿದರೇ? ಉಳಿದದ್ದನ್ನು 15 ದಿನದಲ್ಲಿ, ಬರಹದಲ್ಲಿ ಒಪ್ಪಿದ್ದರೆ 3 ತಿಂಗಳೊಳಗೆ ಕಟ್ಟಿದರೇ? ತಪ್ಪಿದ್ದರೆ ಆ ಮಾರಾಟ ಊರ್ಜಿತವಾಗುವುದಿಲ್ಲ.

ಮನೆ ಹೋಯಿತು ಎಂದು ಲೆಕ್ಕ ಬಿಡಬೇಡಿ. ಹರಾಜಿನ ಹಣದಲ್ಲಿ ಖರ್ಚು, ಬಾಕಿ ಕಳೆದು ಉಳಿದದ್ದು ನಿಮ್ಮದು. ಕೇಳದವರಿಗೆ ಅದು ತಾನಾಗಿ ಮನೆ ಬಾಗಿಲಿಗೆ ಬರುತ್ತದೆ ಎಂದು ನನಗೇನೂ ನಂಬಿಕೆಯಿಲ್ಲ. ಲೆಕ್ಕಪತ್ರವನ್ನು ಬರವಣಿಗೆಯಲ್ಲಿ ಕೇಳಿ. ಹಣ ಸಾಲದೆ ಬಂದರೆ ಉಳಿದ ಬಾಕಿಗೆ ಬ್ಯಾಂಕು ನಿಮ್ಮ ಮೇಲೆ, ಜಾಮೀನು ಹಾಕಿದ ಭಾವಮೈದುನನ ಮೇಲೆ ಮತ್ತೆ ಹೋಗಬಹುದು ಎಂಬುದೂ ಅಷ್ಟೇ ನಿಜ.

ಮನೆ ಉಳಿಸಿಕೊಂಡವರಿಗೆ ಇನ್ನೊಂದಿಷ್ಟು ಓಡಾಟ ಬಾಕಿ. ಹಿಂಬಾಕಿ ಕಟ್ಟಿ ಖಾತೆ ಸರಿಮಾಡಿಕೊಂಡವರು ಸರ್ಫೇಸಿ ನೋಟಿಸು ಹಿಂಪಡೆದ ಪತ್ರ ಪಡೆಯಲಿ. ಸಾಲ ಪೂರ್ತಿ ತೀರಿಸಿದವರಿಗೆ 30 ದಿನದೊಳಗೆ ಮೂಲಪತ್ರಗಳು ವಾಪಸಾಗಬೇಕು. 2023ರ ಡಿಸೆಂಬರ್ 1ರ ನಂತರ, ಬ್ಯಾಂಕಿನ ತಪ್ಪಿನಿಂದ ತಡವಾದ ಪ್ರತಿ ದಿನಕ್ಕೆ ₹5,000 ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ. ಪತ್ರಗಳನ್ನು ಕವರಿನಲ್ಲಿ ಕೊಟ್ಟರೆ ಕೌಂಟರಿನಲ್ಲೇ ಬಿಚ್ಚಿ, ಸಾಲ ಪಡೆಯುವಾಗ ಕೊಟ್ಟ ಪಟ್ಟಿಯೊಂದಿಗೆ ತಾಳೆ ನೋಡಿ. ಉಪನೋಂದಣಿ ಕಚೇರಿಯಲ್ಲಿ ಅಡಮಾನ ರದ್ದತಿ ಮಾಡಿಸಿ, ಒಂದು ತಿಂಗಳು ಬಿಟ್ಟು ಹೊಸ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ ಬ್ಯಾಂಕಿನ ಹೆಸರು ಹೋಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.